ಡ್ರೈವರ್ ಹಿಡಿದರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಏನು ಮಾಡಲಿ?

ವಿದ್ಯಾನಗರ_ಹುಡುಗ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ ರೀ. ಈ ಗುಂಪಿನಲ್ಲಿ ಕ್ರಿಕೆಟ್, ಸೈಕಲ್, ನೃಪತುಂಗ ಬೆಟ್ಟದ ವಾಕಿಂಗ್ ಬಗ್ಗೆ ಬರೆಯುವವರೇ ಜಾಸ್ತಿ. ಗಾಲ್ಫ್ ಅಂದರೆ ನಗುತ್ತೀರೇನೋ ಅಂತ ಎರಡು ವಾರ ಸುಮ್ನೆ ಇದ್ದೆ. ಇನ್ನು ತಡೆಯಲು ಆಗುತ್ತಿಲ್ಲ.

ಬೆಂಗಳೂರಿನಲ್ಲಿದ್ದಾಗ ಆಫೀಸಿನ ಗೆಳೆಯ ಹಚ್ಚಿದ ಚಟ ಇದು. ಮೂರು ವರ್ಷ ಆಯಿತು. ಈಗ ಹುಬ್ಬಳ್ಳಿ ಮನೆಯಿಂದಲೇ ಕೆಲಸ. ತಿಂಗಳಿಗೆ ಎರಡು ಸಲ ವಂದೇ ಭಾರತ್ ಹತ್ತಿ ಬೆಂಗಳೂರಿಗೆ ಹೋಗುತ್ತೇನೆ. ಶನಿವಾರ ಬೆಳಿಗ್ಗೆ ಅವನ ಜತೆ ಒಂದು ರೌಂಡ್. ಉಳಿದ ದಿನ ಮನೆ ಮಾಳಿಗೆ ಮೇಲೆ ಬಲೆ ಕಟ್ಟಿಕೊಂಡು ಹೊಡೆಯುತ್ತೇನೆ.

ಐರನ್‌ಗಳು, ಅಂದರೆ ಸಣ್ಣ ತಲೆಯ ಗಿಡ್ಡ ಕ್ಲಬ್‌ಗಳು, ತಕ್ಕಮಟ್ಟಿಗೆ ಸರಿ ಹೋಗುತ್ತವೆ. ತೊಂದರೆ ಇರುವುದು ಡ್ರೈವರ್‌ನಲ್ಲಿ, ಅಂದರೆ ದೂರ ಹೊಡೆಯುವ ಉದ್ದನೆಯ ಕ್ಲಬ್‌ನಲ್ಲಿ. ಮೊದಲ ಹೋಲ್‌ನಲ್ಲಿ ಚೆಂಡು ಬಾಳೆಹಣ್ಣಿನ ಹಾಗೆ ಬಾಗಿ ಬಲಗಡೆಯ ಮರಗಳೊಳಗೆ ಹೋಗುತ್ತದೆ. ಗ್ರಿಪ್ ಸ್ವಲ್ಪ ತಿರುಗಿಸಿಕೊಳ್ಳುತ್ತೇನೆ. ಎರಡನೇ ಹೋಲ್‌ನಲ್ಲಿ ಎಡಗಡೆ ಕಾಂಪೌಂಡ್ ದಾಟುತ್ತದೆ. ಮತ್ತೆ ಬದಲಿಸುತ್ತೇನೆ. ಮತ್ತೆ ಬಲಕ್ಕೆ. ಮೊನ್ನೆ 14 ಸಲ ಡ್ರೈವರ್ ಹೊಡೆದೆ. ಫೇರ್‌ವೇ, ಅಂದರೆ ನಡುವಿನ ಕತ್ತರಿಸಿದ ಹುಲ್ಲಿನ ದಾರಿ, ಸಿಕ್ಕಿದ್ದು 4. ಬಲಕ್ಕೆ 6, ಎಡಕ್ಕೆ 4. ಐದು ಚೆಂಡು ಕಳೆದವು. ಸ್ಕೋರ್, ಅಂದರೆ ಒಟ್ಟು ಹೊಡೆತ, 108. ಇದು ಕಡಿಮೆ ಆದಷ್ಟೂ ಒಳ್ಳೆಯದು.

ಒಂದೇ ಕಡೆ ಹೋದರೆ ಅದಕ್ಕೆ ತಕ್ಕ ಹಾಗೆ ನಿಲ್ಲಬಹುದು. ಎರಡೂ ಕಡೆ ಹೋದರೆ ಎತ್ತ ಮುಖ ಮಾಡಿ ನಿಲ್ಲಲಿ? ವಿಡಿಯೊ ನೋಡಿ ನೋಡಿ ತಲೆ ಗೊಬ್ಬರ ಆಗಿದೆ. ಒಬ್ಬ ಸೊಂಟ ತಿರುಗಿಸು ಅನ್ನುತ್ತಾನೆ, ಇನ್ನೊಬ್ಬ ತಿರುಗಿಸಬೇಡ ಅನ್ನುತ್ತಾನೆ.

ಚಿಗರಿ_ಪ್ರಯಾಣಿಕ · ಭಾನುವಾರ ರಾತ್ರಿ

ತಲೆಬರಹ ನೋಡಿ ಹೊಸೂರ ಕ್ರಾಸ್‌ನ ಟ್ರಾಫಿಕ್ ಬಗ್ಗೆ ಇರಬೇಕು ಅಂತ ಓಡಿ ಬಂದೆ. ಡ್ರೈವರ್ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಅಂದರೆ ನಮ್ಮೂರಲ್ಲಿ ಬೇರೆ ಏನು ತಿಳಿಯಬೇಕು ಹೇಳಿ. ಇರಲಿ, ಓದುತ್ತೇನೆ.

ಗೋಕುಲ_ರೋಡ್ · ಸೋಮವಾರ ಬೆಳಿಗ್ಗೆ

ಡ್ರೈವರ್ ಯಾವ ಕಾಲದ್ದು? ಲಾಫ್ಟ್ (ಮುಖದ ಓರೆ) ಎಷ್ಟು? ಶಾಫ್ಟ್ (ಕೋಲು) ಯಾವುದು? ಇದನ್ನು ಹೇಳದೆ ಸ್ವಿಂಗ್ ಬಗ್ಗೆ ಮಾತಾಡಿ ಉಪಯೋಗ ಇಲ್ಲ. ನನ್ನ ಅನುಭವದಲ್ಲಿ ಅರ್ಧ ಜನ ತಮಗೆ ಹೊಂದದ ಕ್ಲಬ್ ಹಿಡಿದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ವಿದ್ಯಾನಗರ_ಹುಡುಗ · ಸೋಮವಾರ ಬೆಳಿಗ್ಗೆ

ಸೆಕೆಂಡ್ ಹ್ಯಾಂಡ್ ರೀ. ಗೆಳೆಯ ಹೊಸದು ತಗೊಂಡಾಗ ಹಳೇದು ನನಗೆ ಬಂತು. 9 ಡಿಗ್ರಿ, ಸ್ಟಿಫ್ ಶಾಫ್ಟ್, ಅಷ್ಟಾಗಿ ಬಳುಕುವುದಿಲ್ಲ. ಅವನು ನನಗಿಂತ ಅರ್ಧ ಅಡಿ ಎತ್ತರ, ಜೋರಾಗಿ ಬೀಸುತ್ತಾನೆ.

ಗೋಕುಲ_ರೋಡ್ · ಸೋಮವಾರ ಬೆಳಿಗ್ಗೆ

ಅಲ್ಲಿಗೆ ಮುಗಿಯಿತು. ಮಾರಿಬಿಡಿ. 10.5 ಡಿಗ್ರಿ, ರೆಗ್ಯುಲರ್ ಶಾಫ್ಟ್ ತಗೊಳ್ಳಿ.

ಹಾವೇರಿ_ಫೌಜಿ · ಸೋಮವಾರ ಮಧ್ಯಾಹ್ನ

ತಮ್ಮಾ, ದುಡ್ಡು ಖರ್ಚು ಮಾಡುವ ಮೊದಲು ನನ್ನದೂ ಕೇಳು.

ನಾನು ಸೈನ್ಯದಲ್ಲಿದ್ದಾಗ ಆಡಿದವನು. ಕಂಟೋನ್ಮೆಂಟ್‌ಗಳಲ್ಲಿ ಆಗ ಎಲ್ಲ ಕಡೆ ಹುಲ್ಲಿನ ಗ್ರೀನ್ (ಕುಳಿ ಇರುವ ಜಾಗ) ಇರಲಿಲ್ಲ. ಎಣ್ಣೆ ಬೆರೆಸಿದ ಮರಳು ಹಾಸಿ ಅದಕ್ಕೆ ಬ್ರೌನ್ ಅನ್ನುತ್ತಿದ್ದರು. ಬೂಟಿನ ಗುರುತು ಬಿದ್ದರೆ ಸಮ ಮಾಡಿ ಪಟ್ ಹೊಡೆಯಬೇಕು, ಅಂದರೆ ಚೆಂಡನ್ನು ಕುಳಿಗೆ ಉರುಳಿಸಬೇಕು. ನನಗೆ ಯಾರೂ ಕೂರಿಸಿ ಕಲಿಸಿದ್ದಲ್ಲ, ಸಾಹೇಬರ ಚೀಲ ಹೊತ್ತು ನೋಡಿ ಕಲಿತದ್ದು.

ನೀನು ಹುಬ್ಬಳ್ಳಿ ಹುಡುಗ, ಕ್ರಿಕೆಟ್ ಆಡಿದವನೇ ಇರಬೇಕು. ಡ್ರೈವರ್ ಉದ್ದ ಕಂಡ ಕೂಡಲೇ ಸಿಕ್ಸರ್ ಹೊಡೆಯುವ ಆಸೆ ಬರುತ್ತದೆ. ಹಿಡಿತ ಬಿಗಿಯಾಗುತ್ತದೆ, ಹೆಗಲು ಮೊದಲು ತಿರುಗುತ್ತದೆ, ಕ್ಲಬ್ ಹೊರಗಿನಿಂದ ಒಳಗೆ, ಅಂದರೆ ಚೆಂಡಿನ ಆಚೆಯಿಂದ ಮೈ ಕಡೆಗೆ, ಬರುತ್ತದೆ. ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವುದನ್ನು ನೋಡಿದ್ದೀಯಲ್ಲ. ಜೋರು ಮಾಡಿದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಹರಡುವುದಿಲ್ಲ. ಕೈ ಅಷ್ಟೇ ಬಿಗಿ ಇರಲಿ.

ಇನ್ನೊಂದು. ಇಕ್ಕಟ್ಟಾದ ಹೋಲ್‌ನಲ್ಲಿ ಡ್ರೈವರ್ ಚೀಲದಿಂದ ತೆಗೆಯಲೇಬೇಡ. ತ್ರೀ ವುಡ್ ಹೊಡೆ. ಶಾಫ್ಟ್ ಗಿಡ್ಡ, ಲಾಫ್ಟ್ 15 ಡಿಗ್ರಿ ಆಸುಪಾಸು, ಚೆಂಡು ಅಷ್ಟು ಬಾಗುವುದಿಲ್ಲ. ಮೊದಲ ಹೊಡೆತಕ್ಕೆ ಚೆಂಡು ಇಡುವ ಟೀ ಮೇಲಿಂದ ಡ್ರೈವರನ್ನೇ ಹೊಡೆಯಬೇಕು ಅಂತ ಯಾವ ರೂಲೂ ಇಲ್ಲ.

ವಿದ್ಯಾನಗರ_ಹುಡುಗ · ಸೋಮವಾರ ಸಂಜೆ

ಕಾಕಾ, ಕ್ರಿಕೆಟ್ ವಿಷಯ ನಿಜ. ಹೇಗೆ ಗೊತ್ತಾಯಿತು? ರೊಟ್ಟಿ ಮಾತು ಅವ್ವನಿಗೆ ಓದಿ ಹೇಳಿದೆ. "ನೀ ಒಂದು ರೊಟ್ಟಿ ಬಡದು ತೋರ್ಸು ಮೊದಲು" ಅಂದಳು.

ಕೆಲಗೇರಿ_ದಂಡೆ · ಸೋಮವಾರ ರಾತ್ರಿ

ಒಂದು ಪ್ರಶ್ನೆ. ಚೆಂಡು ಕ್ಲಬ್ಬಿನ ಮುಖದಲ್ಲಿ ಎಲ್ಲಿ ತಾಗುತ್ತಿದೆ? ನಟ್ಟನಡುವೆಯೋ, ಶಾಫ್ಟ್ ಕಡೆಯ ಹೀಲ್‌ನಲ್ಲೋ, ಆಚೆ ತುದಿಯ ಟೋನಲ್ಲೋ?

ವಿದ್ಯಾನಗರ_ಹುಡುಗ · ಸೋಮವಾರ ರಾತ್ರಿ

ನೋಡಿಲ್ಲ ಸರ್. ಮಾಳಿಗೆಯಲ್ಲಿ ಹೊಡೆದಾಗ ಸದ್ದು ಚೆನ್ನಾಗಿಯೇ ಬರುತ್ತದೆ.

ಕೆಲಗೇರಿ_ದಂಡೆ · ಸೋಮವಾರ ರಾತ್ರಿ

ಸರ್ ಅಲ್ಲ, ಅಕ್ಕ ಅನ್ನಿ ಸಾಕು. ಧಾರವಾಡದವಳು. ಬೆಂಗಳೂರಿನಲ್ಲಿ 11 ವರ್ಷ ಕೆಲಸ ಮಾಡುವಾಗ ಆಡಿದ್ದೇನೆ, ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟದ ಅಂಕ, ಕಡಿಮೆ ಆದಷ್ಟೂ ಒಳ್ಳೆಯದು) 14 ಇತ್ತು. ಈಗ ಮಗಳ ಶಾಲೆ, ಅತ್ತೆಯ ಮಂಡಿನೋವು, ಹಾಗಾಗಿ ವರ್ಷಕ್ಕೆ ಮೂರ್ನಾಲ್ಕು ರೌಂಡ್ ಆದರೆ ಪುಣ್ಯ.

ಸದ್ದು ನಂಬಬೇಡಿ. ಗುರುತು ನಂಬಿ. ಹೀಗೆ ಮಾಡಿ. ಬಿಳಿ ಬೋರ್ಡಿಗೆ ಬರೆಯುವ ಮಾರ್ಕರ್ ಪೆನ್ ತಗೊಳ್ಳಿ. ಚೆಂಡಿನ ಹಿಂಭಾಗಕ್ಕೆ ದಪ್ಪ ಚುಕ್ಕೆ ಇಡಿ. ಆ ಚುಕ್ಕೆ ಕ್ಲಬ್ ಕಡೆ ಇರುವ ಹಾಗೆ ಟೀ ಮೇಲೆ ಇಟ್ಟು ಹೊಡೆಯಿರಿ. ಎಲ್ಲಿ ತಾಗಿತೋ ಅಲ್ಲಿ ಮುಖದ ಮೇಲೆ ಚುಕ್ಕೆ ಬೀಳುತ್ತದೆ. ಫೋಟೊ ತೆಗೆದು ಒರೆಸಿ. 20 ಚೆಂಡು. ನಡುವೆ ಏನನ್ನೂ ಬದಲಿಸಬೇಡಿ. ಗ್ರಿಪ್ ಬೇಡ, ಕಾಲು ಬೇಡ, ಸೊಂಟವಂತೂ ಬೇಡವೇ ಬೇಡ.

ಪೆನ್ ಸಿಗದಿದ್ದರೆ ಮುಖಕ್ಕೆ ಖಡು (ಸೀಮೆಸುಣ್ಣ) ಉಜ್ಜಿದರೂ ನಡೆಯುತ್ತದೆ. ಆದರೆ ಇದು ಪ್ರಾಕ್ಟೀಸಿಗೆ ಮಾತ್ರ. ರೌಂಡ್ ಆಡುವಾಗ ಕ್ಲಬ್ಬಿನ ಮುಖಕ್ಕೆ ಏನನ್ನಾದರೂ ಹಚ್ಚಿಕೊಂಡು ಹೊಡೆಯುವುದು ನಿಯಮಕ್ಕೆ ವಿರುದ್ಧ.

ವಿದ್ಯಾನಗರ_ಹುಡುಗ · ಬುಧವಾರ ಬೆಳಿಗ್ಗೆ

ಅಕ್ಕಾ, ತಪ್ಪು ತಿಳಿಯಬೇಡಿ, ಸರ್ ಅಂದುಬಿಟ್ಟೆ.

20 ಚೆಂಡು ಹೊಡೆದೆ. ಹೀಲ್ ಕಡೆ 9, ಟೋ ಕಡೆ 6, ನಡುವೆ 5. ನನಗೇ ನಂಬಲು ಆಗಲಿಲ್ಲ. ಎಲ್ಲವೂ ಬಲೆಯ ನಡುವಿಗೇ ಹೋಗಿ ಬಿದ್ದಿದ್ದವು!

ಕೆಲಗೇರಿ_ದಂಡೆ · ಬುಧವಾರ ಬೆಳಿಗ್ಗೆ

ಬಲೆ ಹತ್ತು ಅಡಿ ದೂರ ಇರುತ್ತದೆ. ಅಷ್ಟು ದೂರದಲ್ಲಿ ಯಾವ ಚೆಂಡೂ ಬಾಗುವುದಿಲ್ಲ, ಎಲ್ಲವೂ ನೆಟ್ಟಗೇ ಕಾಣುತ್ತವೆ. ಬಲೆ ಮೈ ಬೆವರಿಸುತ್ತದೆ, ತಪ್ಪು ತೋರಿಸುವುದಿಲ್ಲ.

ನಿಮ್ಮ ರೋಗ ಎರಡಲ್ಲ, ಒಂದೇ ಇರಬೇಕು ಅಂತ ನನ್ನ ಅನುಮಾನ. ಫೌಜಿ ಕಾಕಾ ಹೇಳಿದ ಹಾಗೆ ನಿಮ್ಮ ಕ್ಲಬ್ ಸ್ವಲ್ಪ ಹೊರಗಿನಿಂದ ಒಳಗೆ ಬರುತ್ತಿದೆ. ನಡುವೆ ತಾಗಿದರೆ ಚೆಂಡು ಎಡಕ್ಕೆ ಹೊರಟು ಸಣ್ಣಗೆ ಬಲಕ್ಕೆ ಬಂದು ಫೇರ್‌ವೇ ಸೇರುತ್ತದೆ. ಅವೇ ನಿಮ್ಮ ನಾಲ್ಕು ಒಳ್ಳೆಯ ಹೊಡೆತಗಳು. ಅದೇ ಸ್ವಿಂಗ್‌ನಲ್ಲಿ ಹೀಲ್‌ಗೆ ತಾಗಿದರೆ ಬಲಕ್ಕೆ ಬಾಗುವುದು ದುಪ್ಪಟ್ಟಾಗುತ್ತದೆ. ಟೋಗೆ ತಾಗಿದರೆ ಬಲಕ್ಕೆ ಬರಬೇಕಾದದ್ದು ಬರುವುದೇ ಇಲ್ಲ. ಎಡಕ್ಕೆ ಹೊರಟದ್ದು ಎಡಕ್ಕೇ ಹೋಗುತ್ತದೆ, ಇನ್ನಷ್ಟು ಎಡಕ್ಕೂ ಬಾಗಬಹುದು.

ಅಂದರೆ ನೀವು ಪ್ರತಿ ಹೋಲ್‌ನಲ್ಲೂ ಗ್ರಿಪ್ ರಿಪೇರಿ ಮಾಡುತ್ತಿದ್ದೀರಿ, ಆದರೆ ಗ್ರಿಪ್ ಕೆಟ್ಟೇ ಇಲ್ಲ. ರಿಪೇರಿಯಿಂದ ಅದೂ ಕೆಡುತ್ತಿದೆ.

ಸಪ್ತಾಪುರ_ಮಾಸ್ತರ · ಬುಧವಾರ ಸಂಜೆ

ನನಗೆ ಗಾಲ್ಫ್ ಗೊತ್ತಿಲ್ಲ, ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಅಕ್ಕಾರ ಹೇಳಿದ್ದು ನನಗೆ ಒಪ್ಪಿಗೆ ಆಗಲಿಲ್ಲ. ಟೋ ಕಡೆ ಚೆಂಡು ತಾಗಿದರೆ ಕ್ಲಬ್ಬಿನ ತಲೆ ಹಿಂದಕ್ಕೆ ತಿರುಗುತ್ತದೆ. ಅಂದರೆ ಮುಖ ಬಲಕ್ಕೆ ತೆರೆದುಕೊಳ್ಳುತ್ತದೆ. ಹಾಗಿದ್ದರೆ ಚೆಂಡು ಬಲಕ್ಕೆ ಅಲ್ವಾ ಬಾಗಬೇಕು? ಎಡಕ್ಕೆ ಯಾಕೆ?

ಕೆಲಗೇರಿ_ದಂಡೆ · ಬುಧವಾರ ರಾತ್ರಿ

ಮಾಸ್ತರ್ರೇ, ಕಬ್ಬಿನ ಹಾಲಿನ ಗಾಡಿ ಮುಂದೆ ನಿಂತಿದ್ದೀರಲ್ಲ. ಹಲ್ಲಿನ ಗಾಲಿ ಎರಡು ಒಂದಕ್ಕೊಂದು ಕಚ್ಚಿಕೊಂಡು ತಿರುಗುತ್ತವೆ. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಚೆಂಡು ಮತ್ತು ಕ್ಲಬ್ಬಿನ ಮುಖ ತಾಗಿಕೊಂಡಿರುವ ಆ ಒಂದು ಕ್ಷಣ ಹಾಗೇ ಇರುತ್ತದೆ. ಡ್ರೈವರಿನ ತೂಕದ ಕೇಂದ್ರ ಮುಖದಿಂದ ಸಾಕಷ್ಟು ಹಿಂದೆ ಇದೆ, ಅದಕ್ಕೇ ಟೋಗೆ ಪೆಟ್ಟು ಬಿದ್ದಾಗ ಮುಖ ಬರೀ ತಿರುಗುವುದಿಲ್ಲ, ಅಡ್ಡಕ್ಕೂ ಜರುಗುತ್ತದೆ. ತಲೆ ಒಂದು ಕಡೆ ತಿರುಗಿದರೆ ಚೆಂಡು ಮುಖದ ಮೇಲೆ ಉಜ್ಜಿಕೊಂಡು ಎದುರು ದಿಕ್ಕಿನ ತಿರುಗು ಪಡೆಯುತ್ತದೆ. ಗಾಲ್ಫಿನವರು ಇದನ್ನು ಗೇರ್ ಎಫೆಕ್ಟ್ ಅನ್ನುತ್ತಾರೆ.

ಡ್ರೈವರಿನ ಮುಖ ಸಪಾಟಾಗಿ ಇರುವುದಿಲ್ಲ ಅನ್ನುವುದನ್ನು ಗಮನಿಸಿದ್ದೀರಾ? ಸ್ವಲ್ಪ ಉಬ್ಬಿರುತ್ತದೆ. ಟೋಗೆ ತಾಗಿದ ಚೆಂಡು ಒಂದಿಷ್ಟು ಬಲಕ್ಕೆ ಹೊರಟು ಎಡಕ್ಕೆ ಬಾಗಿ ನಡುವಿಗೆ ಬರಲಿ ಅಂತಲೇ ಆ ಉಬ್ಬು. ಸ್ವಿಂಗ್ ಸರಿ ಇದ್ದವರಿಗೆ ಅದು ಕಾಪಾಡುತ್ತದೆ. ಹೊರಗಿನಿಂದ ಒಳಗೆ ಬೀಸುವವರಿಗೆ ಅಷ್ಟು ಕಾಪಾಡುವುದಿಲ್ಲ.

ಸಪ್ತಾಪುರ_ಮಾಸ್ತರ · ಬುಧವಾರ ರಾತ್ರಿ

ಕೇಂದ್ರ ಹಿಂದೆ ಇರುವುದೇ ಕಾರಣ ಅಂದರೆ, ಐರನ್‌ನಲ್ಲಿ ಈ ಪರಿಣಾಮ ಕಡಿಮೆ ಇರಬೇಕು. ಅದರ ತಲೆ ತೆಳ್ಳಗೆ ಇರುತ್ತದೆ ಅಲ್ವಾ?

ಕೆಲಗೇರಿ_ದಂಡೆ · ಬುಧವಾರ ರಾತ್ರಿ

ಹೌದು! ಐರನ್ ಸರಿ ಹೋಗುತ್ತದೆ, ಡ್ರೈವರ್ ಮಾತ್ರ ಹೋಗುವುದಿಲ್ಲ ಅಂತ ಹುಡುಗ ಹೇಳಿದ್ದೂ ಅದಕ್ಕೇ. ಐರನ್ ಗಿಡ್ಡ ಇರುತ್ತದೆ, ಹೀಲ್ ಟೋ ತಪ್ಪುವುದೂ ಕಡಿಮೆ. ಅದೂ ಒಂದು ಕಾರಣ.

ಸಪ್ತಾಪುರ_ಮಾಸ್ತರ · ಬುಧವಾರ ರಾತ್ರಿ

ಒಪ್ಪಿದೆ. ಈ ವಯಸ್ಸಿನಲ್ಲಿ ಕಬ್ಬಿನ ಗಾಡಿ ಮುಂದೆ ನಿಂತು ಗಾಲಿ ನೋಡುವ ಹಾಗೆ ಮಾಡಿದಿರಿ.

ಗೋಕುಲ_ರೋಡ್ · ಗುರುವಾರ ಬೆಳಿಗ್ಗೆ

ಎಲ್ಲ ಸರಿ. ಆದರೂ 9 ಡಿಗ್ರಿ ಅವರಿಗೆ ಹೊಂದುವುದಿಲ್ಲ. ಲಾಫ್ಟ್ ಕಡಿಮೆ ಇದ್ದಷ್ಟೂ ಚೆಂಡು ಅಡ್ಡಕ್ಕೆ ಬಾಗುವುದು ಜಾಸ್ತಿ. ಇದನ್ನು ಯಾರೂ ಅಲ್ಲಗಳೆಯಲಿ ನೋಡೋಣ.

ಕೆಲಗೇರಿ_ದಂಡೆ · ಗುರುವಾರ ಮಧ್ಯಾಹ್ನ

ಅಲ್ಲಗಳೆಯುವುದಿಲ್ಲ, ಅದು ನಿಜ. ಮಾರಬೇಕಾಗಿಲ್ಲ, ಅಷ್ಟೇ. ಈಚಿನ ಬಹಳ ಡ್ರೈವರ್‌ಗಳಲ್ಲಿ ಶಾಫ್ಟ್ ಸೇರುವ ಜಾಗದಲ್ಲಿ ತಿರುಪು ಇರುತ್ತದೆ. ಲಾಫ್ಟ್ ಒಂದು ಡಿಗ್ರಿ ಏರಿಸಿಕೊಳ್ಳಬಹುದು. ಏರಿಸಿದರೆ ಮುಖವೂ ಸ್ವಲ್ಪ ಎಡಕ್ಕೆ ಮುಚ್ಚುತ್ತದೆ, ಬಲಕ್ಕೆ ಬಾಗುವವರಿಗೆ ಅದೂ ಒಳ್ಳೆಯದೇ. ಹುಡುಗನ ಕ್ಲಬ್‌ನಲ್ಲಿ ಇದೆಯೋ ನೋಡಲಿ. ಮತ್ತೆ ಹಿಡಿಕೆಯ ತುದಿಯಿಂದ ಒಂದು ಇಂಚು ಕೆಳಗೆ ಹಿಡಿಯಲಿ. ಅಂಗಡಿಯಲ್ಲಿ ಸಿಗುವ ಡ್ರೈವರ್‌ಗಳು ಸಾಮಾನ್ಯವಾಗಿ 45 ಇಂಚಿಗಿಂತ ಜಾಸ್ತಿ ಉದ್ದ ಇರುತ್ತವೆ. ಒಂದು ಇಂಚು ಬಿಟ್ಟರೆ ನಡುವೆ ತಾಗಿಸುವುದು ಎಷ್ಟೋ ಸುಲಭ. ದುಡ್ಡೂ ಬೇಡ.

ವಿದ್ಯಾನಗರ_ಹುಡುಗ · ಗುರುವಾರ ರಾತ್ರಿ

ತಿರುಪು ಇದೆ! ಮೂರು ವರ್ಷದಿಂದ ಅದು ಅಲಂಕಾರಕ್ಕೆ ಅಂದುಕೊಂಡಿದ್ದೆ. ಅದರ ಕೀ ಗೆಳೆಯನ ಹತ್ತಿರವೇ ಉಳಿದಿದೆ.

ಮಾಳಿಗೆ ಮೇಲೆ ನಾನು ನಿಲ್ಲುವ ಜಾಗದ ಫೋಟೊ ಹಾಕಿದ್ದೇನೆ. ಏನಾದರೂ ಕಾಣುತ್ತದೆಯೇ ನೋಡಿ.

ಹಾವೇರಿ_ಫೌಜಿ · ಗುರುವಾರ ರಾತ್ರಿ

ಕಾಣುತ್ತದೆ. ಚೆಂಡು ದಪ್ಪ ರಬ್ಬರ್ ಚಾಪೆ ಮೇಲೆ, ನೀನು ಬರಿ ಮಾಳಿಗೆ ನೆಲದ ಮೇಲೆ. ಚೆಂಡು ನಿನ್ನ ಕಾಲಿಗಿಂತ ಎರಡು ಬೆರಳು ಮೇಲೆ ಇದೆ. ವಾರಕ್ಕೆ ಆರು ದಿನ ಗುಡ್ಡದ ಓರೆಯಲ್ಲಿ ನಿಂತು ಹೊಡೆದು, ಏಳನೇ ದಿನ ಸಮ ನೆಲದಲ್ಲಿ ಹೊಡೆದ ಹಾಗೆ ಇದು. ಚೆಂಡಿನಿಂದ ಎಷ್ಟು ದೂರ ನಿಲ್ಲಬೇಕು ಅನ್ನುವುದು ನಿನ್ನ ಮೈಗೆ ಗೊತ್ತೇ ಇಲ್ಲ.

ಕೆಲಗೇರಿ_ದಂಡೆ · ಗುರುವಾರ ರಾತ್ರಿ

ಕಾಕಾ, ನನಗೆ ಇದು ಹೊಳೆದಿರಲಿಲ್ಲ. ಜತೆಗೆ ಆ ರಬ್ಬರ್ ಟೀ ತೀರಾ ಗಿಡ್ಡ ಇದೆ. ಡ್ರೈವರ್ ನೆಲಕ್ಕಿಟ್ಟಾಗ ಅದರ ಮೇಲಂಚಿಗಿಂತ ಅರ್ಧ ಚೆಂಡು ಮೇಲೆ ಕಾಣಬೇಕು. ಚೆಂಡು ಎಡ ಹಿಮ್ಮಡಿಯ ಒಳಗಿನ ಗೆರೆಗೆ ಇರಬೇಕು. ಡ್ರೈವರ್ ಏರುತ್ತಾ ತಾಗಬೇಕಾದ ಕ್ಲಬ್, ಐರನ್ ಹಾಗೆ ಇಳಿಯುತ್ತಾ ಅಲ್ಲ. ಟೀ ಗಿಡ್ಡ ಇದ್ದರೆ ಮೈ ತಾನಾಗಿ ಕೆಳಕ್ಕೆ ಕುಟ್ಟುತ್ತದೆ.

ನಿಲ್ಲುವ ದೂರಕ್ಕೆ ಒಂದು ಅಳತೆ. ಕ್ಲಬ್ಬಿನ ತಲೆ ಚೆಂಡಿನ ಹಿಂದೆ ಇಟ್ಟು ನಿಂತುಕೊಳ್ಳಿ. ಹಿಡಿಕೆಯನ್ನು ಮೆಲ್ಲಗೆ ಕಾಲ ಮೇಲೆ ಇಳಿಬಿಡಿ. ತುದಿ ಎಡ ಮೊಣಕಾಲಿನ ಸ್ವಲ್ಪ ಮೇಲೆ ತಾಗಿದರೆ ದೂರ ಸರಿ. ಭಾರ ಬೂಟಿನ ಲೇಸ್ ಇರುವಲ್ಲಿ ಇರಲಿ. ಬೀಸುವಾಗ ಭಾರ ಬೆರಳ ತುದಿಗೆ ಹೋದರೆ ಮೈ ಮುಂದಕ್ಕೆ ಜರಿದು ಹೀಲ್‌ಗೆ ತಾಗುತ್ತದೆ. ನಿಮ್ಮ 9 ಚುಕ್ಕೆ ಅಲ್ಲಿಂದ ಬಂದಿರಬೇಕು.

ಈಗ ಮುಖ್ಯ ಕಸರತ್ತು. ಲೈನ್ ಬಜಾರಿನ ಪೇಢೆಯ ಖಾಲಿ ಡಬ್ಬಿ ಇದ್ದೇ ಇರುತ್ತದೆ ಮನೆಯಲ್ಲಿ. ಕ್ಲಬ್ಬಿನ ನಡುವನ್ನು ಚೆಂಡಿನ ಹಿಂದೆ ಇಟ್ಟು, ಟೋದಿಂದ ಒಂದು ಬೆರಳು ಜಾಗ ಬಿಟ್ಟು ಆಚೆಗೆ ಆ ಡಬ್ಬಿ ನಿಲ್ಲಿಸಿ. ಚೆಂಡು ಮಾತ್ರ ಹೋಗಬೇಕು, ಡಬ್ಬಿ ಉಳಿಯಬೇಕು. ಡಬ್ಬಿಗೆ ಬಡಿದರೆ ನೀವು ಹೀಲ್‌ನಲ್ಲಿ ಹೊಡೆಯುತ್ತಿದ್ದೀರಿ. ಹೊರಗಿನಿಂದ ಬೀಸುವುದೂ ಇದರಿಂದ ಕಡಿಮೆ ಆಗುತ್ತದೆ, ಯಾಕೆಂದರೆ ಡಬ್ಬಿ ಅಲ್ಲೇ ಅಡ್ಡ ಕುಳಿತಿರುತ್ತದೆ. ಖಾಲಿ ರಟ್ಟಿನ ಡಬ್ಬಿಯೇ ಆಗಬೇಕು, ಸ್ಟೀಲ್ ಡಬ್ಬಿ ಬೇಡ.

ಚಿಗರಿ_ಪ್ರಯಾಣಿಕ · ಗುರುವಾರ ರಾತ್ರಿ

ಖಾಲಿ ಡಬ್ಬಿ ಬೇಕಾದರೆ ಮೊದಲು ಪೇಢೆ ತಿನ್ನಬೇಕು. ಆ ಭಾಗಕ್ಕೆ ನಾನು ತಯಾರು.

ಗಾಳಿ_ಗುಡ್ಡ · ಶುಕ್ರವಾರ ಬೆಳಿಗ್ಗೆ

ಗದಗ ಕಡೆಯವನು. ಆಟ ಗೊತ್ತಿಲ್ಲ, ಆದರೆ ಇಷ್ಟು ದಿನದಿಂದ ಓದುತ್ತಿದ್ದೇನೆ. ಬಲೆಯಲ್ಲಿ ಚೆಂಡು ಹೋಗುವುದು ಕಾಣುವುದಿಲ್ಲ ಅನ್ನುವುದೇ ತೊಂದರೆ ಆದರೆ ನಮ್ಮ ಎರಿ ಹೊಲಕ್ಕೆ ಬನ್ನಿ. ಜೋಳ ಕಿತ್ತು ತಿಂಗಳಾಯಿತು. 12 ಎಕರೆ ಬಯಲು, ಒಂದು ಮರ ಇಲ್ಲ, ದೂರಕ್ಕೆ ಕಪ್ಪತಗುಡ್ಡದ ಗಾಳಿ ಯಂತ್ರಗಳು ಕಾಣುತ್ತವೆ. ಮಳೆ ಬೀಳುವವರೆಗೆ ಹೊಲದಲ್ಲಿ ಯಾರಿಗೂ ಕೆಲಸ ಇಲ್ಲ.

ವಿದ್ಯಾನಗರ_ಹುಡುಗ · ಶುಕ್ರವಾರ ಬೆಳಿಗ್ಗೆ

ಅಣ್ಣಾ, ನಿಜವಾಗಿಯೂ ಬರಬಹುದೇ? ಹುಬ್ಬಳ್ಳಿಯಿಂದ ಒಂದು ತಾಸು. ನಮ್ಮ ಗದಗದ ಸುನಿಲ್ ಜೋಶಿಯವರು ಹುಡುಗರಿದ್ದಾಗ ಪ್ರಾಕ್ಟೀಸಿಗೆ ಗದಗದಿಂದ ಹುಬ್ಬಳ್ಳಿಗೆ ಬರುತ್ತಿದ್ದರಂತೆ. ನಾನು ಉಲ್ಟಾ ಬರುತ್ತೇನೆ.

ಕೆಲಗೇರಿ_ದಂಡೆ · ಶುಕ್ರವಾರ ಮಧ್ಯಾಹ್ನ

ಹೋಗುವುದಾದರೆ ಒಂದು ಮಾತು. ಡ್ರೈವರ್‌ನಿಂದ ಹೊರಟ ಚೆಂಡು ಗಂಟೆಗೆ 200 ಕಿ.ಮೀ. ಆಸುಪಾಸು ವೇಗದಲ್ಲಿರುತ್ತದೆ. ತೂಕ 46 ಗ್ರಾಂ ಒಳಗೆ, ಆದರೆ ಕಲ್ಲಿನ ಹಾಗೆ ಗಟ್ಟಿ. ಹೊಡೆಯುವವನ ಮುಂದೆ, ಪಕ್ಕದ ಹೊಲದಲ್ಲಿ, ಬದುವಿನ ಮೇಲೆ ಜನ, ದನ, ಕುರಿ ಯಾವುದೂ ಇರಬಾರದು. ಊರೊಳಗಿನ ಮೈದಾನದಲ್ಲಿ ಯಾರೂ ಇದನ್ನು ಮಾಡಲೇಬೇಡಿ. ಹೀಲ್‌ನಲ್ಲಿ ತಾಗಿದ ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಹೊಡೆದವನಿಗೇ ಗೊತ್ತಿರುವುದಿಲ್ಲ.

ಗಾಳಿ_ಗುಡ್ಡ · ಭಾನುವಾರ ಸಂಜೆ

ಬಂದು ಹೋದರು. ವರದಿ ನಾನೇ ಕೊಡುತ್ತೇನೆ.

ಬೆಳಿಗ್ಗೆ ಆರೂವರೆಗೆ ಬಂದರು, ಫೌಜಿ ಕಾಕಾ ಹಾವೇರಿಯಿಂದ ಬೈಕ್ ಮೇಲೆಯೇ ಬಂದಿದ್ದರು. ಮೊದಲು ಗಾಳಿ ಇರಲಿಲ್ಲ. ಚೆಂಡು ಬಲಕ್ಕೆ ಬಾಗಿದರೂ ಒಂದು ಅಳತೆಯಲ್ಲಿ ಬಾಗುತ್ತಿತ್ತು. ಎಂಟಕ್ಕೆ ಎದುರು ಗಾಳಿ ಎದ್ದಿತು ನೋಡಿ, ಅದೇ ಹೊಡೆತ ಪಕ್ಕದವರ ಹೊಲಕ್ಕೆ ಹೋಗತೊಡಗಿತು. ಕಾಕಾ ಅಂದರು, ಎದುರು ಗಾಳಿ ತಪ್ಪನ್ನು ದೊಡ್ಡದು ಮಾಡಿ ತೋರಿಸುತ್ತದೆ, ಆಗ ಇನ್ನೂ ಜೋರು ಹೊಡೆದರೆ ಇನ್ನೂ ಬಾಗುತ್ತದೆ ಅಂತ. ನನಗೆ ಅದು ಪಟ್ಟಂತ ತಿಳಿಯಿತು. ತೂರುವಾಗ ಗಾಳಿಗೆ ಎದುರು ಯಾರು ಬಲ ಹಾಕುತ್ತಾರೆ?

ಪೇಢೆ ಡಬ್ಬಿ ಗಾಳಿಗೆ ಹಾರಿ ಹಾರಿ ಹೋಗುತ್ತಿತ್ತು, ಒಂದು ಹಿಡಿ ಮಣ್ಣು ಹಾಕಿ ಕೂರಿಸಿದೆವು. ಮೊದಲ ಹತ್ತರಲ್ಲಿ ಏಳು ಸಲ ಡಬ್ಬಿಗೇ ಬಿತ್ತು. ಕೊನೆಯ ಹತ್ತರಲ್ಲಿ ಎರಡು ಸಲ.

ಅಪ್ಪ ಒಂದು ತಾಸು ನೋಡಿ, "ಇದಕ್ಕ ಪಗಾರ ಏನಾರ ಕೊಡತಾರೇನು?" ಅಂತ ಕೇಳಿದರು. ಕೊಡುವುದಿಲ್ಲ, ನಾವೇ ಕೊಡಬೇಕು ಅಂದೆ. ಎದ್ದು ಹೋದರು.

40 ಚೆಂಡು ತಂದಿದ್ದರು. 31 ಸಿಕ್ಕವು. ಉಳಿದವು ಎರಿ ಬಿರುಕಿನೊಳಗೆ ಇಳಿದಿವೆ. ಈ ಬೇಸಿಗೆಯಲ್ಲಿ ನನ್ನ ಕೈ ಮೊಣಕೈವರೆಗೆ ಹೋಗುವ ಬಿರುಕುಗಳಿವೆ.

ಹಾವೇರಿ_ಫೌಜಿ · ಭಾನುವಾರ ರಾತ್ರಿ

ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ. ಅದನ್ನು ಬರೆಯಲಿಲ್ಲ ನೀನು. ಮನೆಯವರಿಗೆ ನನ್ನ ನಮಸ್ಕಾರ ಹೇಳು.

ಹುಡುಗನಿಗೆ ಒಂದು ಮಾತು. ಇವತ್ತು ನೀನು ಪ್ರತಿ ಚೆಂಡಿಗೂ ಬಿದ್ದ ಜಾಗ ನೋಡುವ ಮೊದಲು ಕ್ಲಬ್ಬಿನ ಮುಖ ನೋಡಿದೆ. ಕೋರ್ಸ್‌ನಲ್ಲೂ ಹಾಗೇ ಮಾಡು. ಅಲ್ಲಿ ಪೆನ್ ಇಲ್ಲ, ಆದರೆ ಕೈಗೆ ಗೊತ್ತಾಗುತ್ತದೆ. ಹೀಲ್‌ಗೆ ಬಿದ್ದರೆ ಹಿಡಿಕೆ ಒಂದು ಥರ ಜುಂ ಅನ್ನುತ್ತದೆ, ಟೋಗೆ ಬಿದ್ದರೆ ಕೈಯಲ್ಲಿ ತಿರುಚುತ್ತದೆ.

ವಿದ್ಯಾನಗರ_ಹುಡುಗ · ಭಾನುವಾರ ರಾತ್ರಿ

ಕಾಕಾ, ಇನ್ನೊಂದು ಸಂಶಯ. ಬಲಕ್ಕೆ ಬಾಗುತ್ತದೆ ಅಂತ ನಾನು ಎಡಕ್ಕೆ ಮುಖ ಮಾಡಿ ನಿಲ್ಲುತ್ತೇನೆ. ಅದು ತಪ್ಪಾ?

ಕೆಲಗೇರಿ_ದಂಡೆ · ಸೋಮವಾರ ಬೆಳಿಗ್ಗೆ

ಕಾಕಾ ಇನ್ನೂ ಎದ್ದಿಲ್ಲ ಅನಿಸುತ್ತದೆ, ನಾನು ಹೇಳುತ್ತೇನೆ. ಸ್ವಲ್ಪ ಎಡಕ್ಕೆ ನಿಂತರೆ ತಪ್ಪಿಲ್ಲ. ತೀರಾ ಎಡಕ್ಕೆ ನಿಂತರೆ ಕ್ಲಬ್ ಇನ್ನೂ ಹೊರಗಿನಿಂದ ಬರುತ್ತದೆ, ಇನ್ನೂ ಬಾಗುತ್ತದೆ, ನೀವು ಇನ್ನೂ ಎಡಕ್ಕೆ ನಿಲ್ಲುತ್ತೀರಿ. ಇದಕ್ಕೆ ಕೊನೆ ಇಲ್ಲ. ಬದಲಿಗೆ ಟೀ ಜಾಗದ ಬಲ ಅಂಚಿನಲ್ಲಿ ಚೆಂಡು ಇಡಿ. ಅಲ್ಲಿಂದ ಫೇರ್‌ವೇಯ ಎಡ ಅರ್ಧ ನೋಡಿ ಹೊಡೆಯಿರಿ, ಬಾಗಿ ಬರಲು ಇಡೀ ಅಗಲ ಸಿಗುತ್ತದೆ. ಎರಡು ಗುರುತಿನ ನಡುವೆ, ಹಿಂದಕ್ಕೆ ಎರಡು ಕ್ಲಬ್ ಉದ್ದದಷ್ಟು ಜಾಗದಲ್ಲಿ ಎಲ್ಲಿ ಬೇಕಾದರೂ ಇಡಬಹುದು. ಬಹಳ ಜನ ಸುಮ್ನೆ ನಡುವೆಯೇ ಇಡುತ್ತಾರೆ.

ಕಳೆದ ಚೆಂಡಿನ ಬಗ್ಗೆಯೂ ಹೇಳಿಬಿಡುತ್ತೇನೆ. ಓ.ಬಿ. (ಎಲ್ಲೆಯ ಹೊರಗೆ) ಆಗಿರಬಹುದು, ಕಳೆದಿರಬಹುದು ಅನಿಸಿದರೆ ಅಲ್ಲೇ "ಪ್ರೊವಿಷನಲ್" (ತಾತ್ಕಾಲಿಕ ಚೆಂಡು) ಅಂತ ಬಾಯಿ ಬಿಟ್ಟು ಹೇಳಿ ಇನ್ನೊಂದು ಹೊಡೆಯಿರಿ. ಹೇಳದೆ ಹೊಡೆದರೆ ಅದೇ ನಿಮ್ಮ ಆಟದ ಚೆಂಡಾಗುತ್ತದೆ. ಹುಡುಕಲು ಸಿಗುವುದು 3 ನಿಮಿಷ ಮಾತ್ರ, 2019ಕ್ಕೆ ಮೊದಲು 5 ಇತ್ತು. ಒಂದು ಪೆನಾಲ್ಟಿ ಸೇರಿ ಟೀ ಮೇಲಿಂದ ಮತ್ತೆ ಹೊಡೆಯುವುದು ಮೂರನೇ ಹೊಡೆತ. ನಿಮ್ಮ 108ರಲ್ಲಿ ಐದು ಚೆಂಡು ಕಳೆದದ್ದಕ್ಕೇ ಹತ್ತು ಹೊಡೆತ ಹೋಗಿವೆ. ಸ್ವಿಂಗ್ ಒಂದಿಷ್ಟೂ ಸುಧಾರಿಸದಿದ್ದರೂ, ಆ ಹೋಲ್‌ಗಳಲ್ಲಿ ತ್ರೀ ವುಡ್ ಹಿಡಿದರೆ ಅದರಲ್ಲಿ ಅರ್ಧ ಉಳಿಯುತ್ತದೆ.

ಗೋಕುಲ_ರೋಡ್ · ಸೋಮವಾರ ಬೆಳಿಗ್ಗೆ

ತ್ರೀ ವುಡ್ ಹಿಡಿದರೆ 20-25 ಗಜ ಹಿಂದೆ ಉಳಿಯುತ್ತೀರಿ. ಈಗಿನ ಆಟದಲ್ಲಿ ದೂರವೇ ಎಲ್ಲ.

ಕೆಲಗೇರಿ_ದಂಡೆ · ಸೋಮವಾರ ಮಧ್ಯಾಹ್ನ

ಟಿವಿಯಲ್ಲಿ ಆಡುವವರಿಗೆ ಹೌದು. ಅವರಿಗೂ ಹತ್ತರಲ್ಲಿ ಆರು ಫೇರ್‌ವೇ ಸಿಕ್ಕರೆ ಹೆಚ್ಚು. ಆದರೆ ಅವರ ತಪ್ಪು ಕಾಡಿನೊಳಗೆ ಹೋಗುವುದಿಲ್ಲ, ಪಕ್ಕದ ಹುಲ್ಲಿನಲ್ಲಿ ನಿಲ್ಲುತ್ತದೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನೆನಪಿದ್ದಾರಾ? ಟೋಕಿಯೊ ಒಲಿಂಪಿಕ್ಸ್, 2021ರ ಆಗಸ್ಟ್. ಆ ಮೈದಾನದಲ್ಲಿ ಕಡಿಮೆ ದೂರ ಹೊಡೆಯುವವರಲ್ಲಿ ಅವರೂ ಒಬ್ಬರು. ಪಟರ್ ಹಿಡಿದು ನಾಲ್ಕನೇ ಸ್ಥಾನಕ್ಕೆ ಬಂದರು, ಕಂಚು ಒಂದೇ ಹೊಡೆತದಲ್ಲಿ ತಪ್ಪಿತು. ಆ ಶನಿವಾರ ಬೆಳಿಗ್ಗೆ ನಾಲ್ಕಕ್ಕೆ ಎದ್ದು ನಾನು ಟಿವಿ ಮುಂದೆ ಕುಳಿತಿದ್ದೆ, ಅತ್ತೆ "ಯಾರಿಗೆ ಆರಾಮಿಲ್ಲ?" ಅಂತ ಎದ್ದು ಬಂದಿದ್ದರು.

ಗೋಕುಲ_ರೋಡ್ · ಸೋಮವಾರ ಮಧ್ಯಾಹ್ನ

ಅದನ್ನು ನಾನೂ ನೋಡಿದ್ದೆ. ಸರಿ, ಬಿಟ್ಟೆ. ಆದರೆ ಲಾಫ್ಟ್ ಏರಿಸಿ.

ವಿದ್ಯಾನಗರ_ಹುಡುಗ · ಮೂರು ವಾರದ ನಂತರ

ಎಲ್ಲರಿಗೂ ಲೆಕ್ಕ ಒಪ್ಪಿಸಬೇಕು.

ಕೀ ಇಸಿದುಕೊಂಡು ಲಾಫ್ಟ್ ಒಂದು ಡಿಗ್ರಿ ಏರಿಸಿದೆ. ಗೋಕುಲ ರೋಡ್ ಅಣ್ಣಾ, ನಿಮ್ಮ ಮಾತು ನಿಜ, ಚೆಂಡು ಮೇಲೆ ಏಳುತ್ತದೆ, ಬಾಗುವುದು ಕಡಿಮೆ. ಮಾಳಿಗೆಯಲ್ಲಿ ಕಾಲ ಕೆಳಗೂ ಅದೇ ದಪ್ಪದ ಹಲಗೆ ಹಾಕಿಕೊಂಡೆ. ಮೂರು ಪೇಢೆ ಡಬ್ಬಿ ಚಿಂದಿ ಆದವು.

ನಿನ್ನೆ ಆಡಿದೆ. 9 ಹೋಲ್‌ನಲ್ಲಿ ಡ್ರೈವರ್, 5ರಲ್ಲಿ ತ್ರೀ ವುಡ್. ಫೇರ್‌ವೇ 7. ಬಲಕ್ಕೆ 5, ಎಡಕ್ಕೆ 1. ಇನ್ನೊಂದು ಚೆಂಡಿನ ತಲೆ ಸವರಿ 30 ಗಜ ಉರುಳಿತು, ಅದೂ ಹಿಂದೆ ನಾಲ್ಕು ಜನ ಕಾಯುತ್ತಾ ನಿಂತಿದ್ದಾಗ. ಕಳೆದದ್ದು ಒಂದೇ ಚೆಂಡು. ಸ್ಕೋರ್ 101. 100 ಒಡೆಯಬಹುದಿತ್ತು, ಕೊನೆಯ ಹೋಲ್‌ನಲ್ಲಿ ನಾಲ್ಕು ಪಟ್.

ಎಡಗಡೆ ಹೆಚ್ಚುಕಡಿಮೆ ಬಂದ್ ಆಗಿದೆ. ಅದೇ ನನಗೆ ದೊಡ್ಡದು. ಈಗ ಎತ್ತ ಮುಖ ಮಾಡಿ ನಿಲ್ಲಬೇಕು ಅಂತ ಗೊತ್ತು. ಏಳನೇ ಹೋಲ್‌ನಲ್ಲಿ ಬಲಕ್ಕೆ ಹೋದಾಗ ಗ್ರಿಪ್ ಬದಲಿಸಲು ಕೈ ತಾನಾಗಿ ಹೋಯಿತು. ಗೆಳೆಯ "ಯಾಕೆ ನಿಂತೆ?" ಅಂದ. ಹೀಲ್‌ಗೆ ಬಿತ್ತು, ಅಷ್ಟೇ ಅಂದೆ. ಎಂಟನೇ ಹೋಲ್‌ನಲ್ಲಿ ಅದೇ ಗ್ರಿಪ್‌ನಲ್ಲಿ ನಡುವಿಗೆ ಹೋಯಿತು.

ಹಾವೇರಿ_ಫೌಜಿ · ಮೂರು ವಾರದ ನಂತರ

ಶಾಬಾಶ್. ತಲೆ ಸವರಿದ್ದು ಜನ ನೋಡುತ್ತಿದ್ದರು ಅಂತ. ಅದಕ್ಕೆ ಡಬ್ಬಿ ಇಲ್ಲ.

ಸಪ್ತಾಪುರ_ಮಾಸ್ತರ · ಮೂರು ವಾರದ ನಂತರ

ಕಬ್ಬಿನ ಗಾಡಿಯವನಿಗೆ ಗೇರ್ ಎಫೆಕ್ಟ್ ವಿವರಿಸಿದೆ. ಒಂದು ಲೋಟ ಪುಕ್ಕಟೆ ಕೊಟ್ಟ, ಇನ್ನು ಹೋಗಿ ಅಂತಲೋ ಏನೋ.

ಗಾಳಿ_ಗುಡ್ಡ · ಜೂನ್ ಎರಡನೇ ವಾರ

ಮಳೆ ಬಿತ್ತು. ಹೆಸರು ಬಿತ್ತಲು ನಿನ್ನೆ ಕುಂಟೆ ಹೊಡೆದೆವು. ಒಂಬತ್ತರಲ್ಲಿ ಆರು ಚೆಂಡು ಮೇಲೆ ಬಂದಿವೆ, ಅಪ್ಪ ತೊಳೆದು ಕಟ್ಟೆ ಮೇಲೆ ಇಟ್ಟಿದ್ದಾರೆ. ಆರೂ ಬಲಗಡೆ ಬದುವಿನ ಹತ್ತಿರವೇ ಸಿಕ್ಕವು.